ಯುದ್ಧ ಮುಗಿಯದ ಗಿರಣಿ

ಬೆಳಿಗ್ಗೆ ಏಳು ಗಂಟೆಗೆಲ್ಲ ಸುಕ್ರ ಗೌಡ ತನ್ನ ಕೊಟ್ಟಿಗೆಯ ಗೋಡೆ ಕಿತ್ತು ಸರಕಾರದ ಗೋಡೆ ಕಟ್ಟತೊಡಗಿದ್ದ. ಸಾಹೇಬರು ಹತ್ತಕ್ಕೆ ಬರುವವರಿದ್ದರು.

ಕಾಗದದ ಪ್ರಕಾರ ಗಿರಣಿಗೆ ನಾಲ್ಕು ಗೋಡೆ. ನೆಲದ ಮೇಲೆ ಉಳಿದದ್ದು ಒಂದು. ಮಿಕ್ಕ ಮೂರರ ಚಿರೇಕಲ್ಲು ಎಲ್ಲಿ ಹೋಯಿತೆಂದು ಸುಕ್ರನಿಗೆ ಚೆನ್ನಾಗಿ ಗೊತ್ತಿತ್ತು. ಅಜ್ಜನ ಕಾಲಕ್ಕೆ ಬಾವಿಕಟ್ಟೆಯಾಯಿತು, ಅಪ್ಪನ ಕಾಲಕ್ಕೆ ಕೊಟ್ಟಿಗೆಯಾಯಿತು, ತನ್ನ ಕಾಲಕ್ಕೆ ಬಚ್ಚಲಾಯಿತು. ಕದ್ದವರು ಕಾವಲುಗಾರನ ಮನೆಯವರೇ ಆದ್ದರಿಂದ ಮೂರು ತಲೆಮಾರಿನಲ್ಲಿ ಒಂದು ದೂರೂ ಹೋಗಿರಲಿಲ್ಲ.

ಅಮದಳ್ಳಿಯ ಗುಡ್ಡದ ಬುಡದಲ್ಲಿ, ಹಳ್ಳದ ನೀರಿನಿಂದ ಚಕ್ರ ತಿರುಗಿಸಿ ಬಟ್ಟೆ ನೇಯುತ್ತಿದ್ದ ಗಿರಣಿ ಅದು. ಎರಡನೆಯ ಮಹಾಯುದ್ಧದಲ್ಲಿ ಸಿಪಾಯಿಗಳ ಗಾಯಕ್ಕೆ ಕಟ್ಟುವ ಪಟ್ಟಿ ಇಲ್ಲಿಂದ ಹೋಗುತ್ತಿತ್ತು. ಶತ್ರು ಸಮುದ್ರದಿಂದ ಬಂದು ಸುಟ್ಟುಬಿಟ್ಟಾನೆಂದು ಹೆದರಿದ ಬ್ರಿಟಿಷ್ ಅಧಿಕಾರಿಯೊಬ್ಬ ಸುಕ್ರನ ಅಜ್ಜ ಬೊಮ್ಮುವನ್ನು ಕಾವಲಿಗೆ ಹಾಕಿದ. ಯುದ್ಧ ಮುಗಿದ ವರದಿ ಕೈಸೇರುವವರೆಗೆ ಕಾಯತಕ್ಕದ್ದು ಎಂದು ಆದೇಶದಲ್ಲಿತ್ತು. ಯುದ್ಧ ಮುಗಿಯಿತು. ಬ್ರಿಟಿಷರು ಹೋದರು. ಒಂದು ಮಳೆಗಾಲ ಚಕ್ರವನ್ನೂ ಹಳ್ಳ ಕೊಚ್ಚಿಕೊಂಡು ಹೋಯಿತು. ವರದಿ ಮಾತ್ರ ಬರಲಿಲ್ಲ, ಪಗಾರ ನಿಲ್ಲಲಿಲ್ಲ. ಬೊಮ್ಮುವಿನ ಕೆಲಸ ಮಗನಿಗೆ ಬಂತು, ಅವನದು ಸುಕ್ರನಿಗೆ.

ರಾತ್ರಿ ಗಿರಣಿಯ ಬೆಳಕು ಸಮುದ್ರಕ್ಕೆ ಕಾಣಬಾರದೆಂಬ ನಿಯಮವೂ ಜಾರಿಯಲ್ಲೇ ಇತ್ತು. ಆಚೆ ನೌಕಾನೆಲೆಯ ಸಾವಿರ ದೀಪ ಝಗಮಗಿಸುತ್ತಿದ್ದರೂ ಸುಕ್ರನ ಹೆಂಡತಿ ಸುಕ್ರಿ ತಮ್ಮ ಗುಡಿಸಲಿನ ಒಂದೇ ಬಲ್ಬಿಗೆ ಪಶ್ಚಿಮದ ಬದಿಯಿಂದ ಗೋಣಿ ಕಟ್ಟುತ್ತಿದ್ದಳು.

ಎಲ್ಲ ಸುಖವಾಗಿಯೇ ನಡೆದಿತ್ತು. ನಿನ್ನೆ ಮೀನು ವ್ಯಾಪಾರದ ಜಗದೀಶ ಕಾರವಾರದಿಂದ ಸುದ್ದಿ ತಂದ. ಬೇಡದ ಹುದ್ದೆಗಳನ್ನೆಲ್ಲ ಸರಕಾರ ಕಿತ್ತು ಹಾಕುತ್ತಿದೆಯಂತೆ, ನಾಳೆ ಗಿರಣಿ ನೋಡಲು ಸಾಹೇಬರು ಹೊರಟಿದ್ದಾರಂತೆ. ಸುಕ್ರನಿಗೆ ಅನ್ನ ಸೇರಲಿಲ್ಲ. ಗುಡಿಸಲು ನಿಂತದ್ದು ಗಿರಣಿಯ ಜಾಗದಲ್ಲಿ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಐವತ್ತೆಂಟನೆಯ ವಯಸ್ಸಿನಲ್ಲಿ ಯಾರ ಅಂಗಳದಲ್ಲಿ ಒಲೆ ಹೂಡುವುದು?

ಒಂಬತ್ತೂವರೆಗೆ ಎರಡನೆಯ ಗೋಡೆ ಎದೆಮಟ್ಟ ಬಂತು. ಕೊಟ್ಟಿಗೆ ಕಳೆದುಕೊಂಡ ಎಮ್ಮೆ ಬಿಸಿಲಲ್ಲಿ ನಿಂತು ಒಂದೇ ಸಮನೆ ಕೂಗುತ್ತಿತ್ತು. ಗೋಡೆ ನಿಂತೀತು, ಹಾಲು ನಿಲ್ಲುತ್ತದೆ ಎಂದು ಸುಕ್ರಿ ಗೊಣಗಿದಳು.

ಹತ್ತಕ್ಕೆ ಸ್ಕೂಟರ್ ಬಂತು. ಅದು ಗುಡುಗುಡು ಎಂದು ನಿಂತ ರಭಸಕ್ಕೋ ಏನೋ, ಹೊಸ ಗೋಡೆ ಸದ್ದು ಮಾಡಿಕೊಂಡು ಸುಕ್ರನ ಕಾಲ ಬುಡಕ್ಕೇ ಕುಸಿಯಿತು.

ಪ್ರಕಾಶ ಸಾಹೇಬರು ಗೋಡೆಯತ್ತ ನೋಡಲೇ ಇಲ್ಲ. ಹೆಲ್ಮೆಟ್ಟಿನಲ್ಲೇ ಓಡಿ ಬಂದು, ಬಗ್ಗಿ, ಸುಕ್ರನ ಎರಡೂ ಪಾದ ಮುಟ್ಟಿ ನೋಡಿದರು. "ಪೆಟ್ಟಾಯ್ತಾ ಗೌಡ್ರೆ? ನೀವು ಕಲ್ಲು ಹೊರೂದು ಎಂತಕ್ಕೆ?"

ಸರಕಾರದವರೊಬ್ಬರು 'ನೀವು' ಎಂದದ್ದು ಇದೇ ಮೊದಲು. ಇಷ್ಟು ಮರ್ಯಾದೆ ಕೊಟ್ಟು ಯಾರೂ ಒಳ್ಳೆಯ ಸುದ್ದಿ ಹೇಳುವುದಿಲ್ಲ.

ಸಾಹೇಬರು ಚೀಲದಿಂದ ಅಂದಿನ ಪೇಪರ್ ತೆಗೆದು ಅವನ ಕೈಗೆ ಕೊಟ್ಟರು. ಅದನ್ನು ಎದೆಗೆ ಹಿಡಿಸಿ ಎದುರಿನಿಂದ, ಎಡದಿಂದ, ಬಲದಿಂದ ಫೋಟೋ ತೆಗೆದರು. ಕೆಮ್ಮು, ದಮ್ಮು ಉಂಟೇ ಎಂದು ಕೇಳಿದರು. ಇಲ್ಲವೆಂದಾಗ ನೆಮ್ಮದಿಯ ಉಸಿರು ಬಿಟ್ಟರು. ಚಕ್ರದ ಅಚ್ಚು ಇದ್ದ ಕಿಂಡಿ ತೋರಿಸಲು ಸುಕ್ರ ಉಳಿದೊಂದು ಗೋಡೆ ಹತ್ತಹೋದರೆ ಅಂಗಿ ಹಿಡಿದು ಎಳೆದರು. ಮಗ ಗಣೇಶ ಗೋವಾದ ಹೋಟೆಲಿನಲ್ಲಿದ್ದಾನೆ, ಅವನಿಗೆ ಈ ಕೆಲಸ ಬೇಡವಂತೆ ಎಂದಾಗ ಅವರ ಮುಖ ಬಾಡಿತು. ಹುಡುಗನಿಗೆ ಬುದ್ಧಿ ಹೇಳಬೇಕೆಂದರು. ಸುಕ್ರಿ ಕೊಟ್ಟ ಮಜ್ಜಿಗೆ ಕುಡಿದು, ಕಡತ ತೆರೆದು, ಗೋಡೆಗಳು ನಾಲ್ಕು, ಸುಸ್ಥಿತಿಯಲ್ಲಿವೆ ಎಂದು ಬರೆದರು.

ಏಳನೆಯ ಇಯತ್ತೆಯವರೆಗೆ ಓದಿದ್ದ ಸುಕ್ರ ಅದನ್ನು ನಿಂತಲ್ಲಿಂದಲೇ ಓದಿದ. ಇಂದು ನಾಲ್ಕು ಎಂದು ಬರೆದು, ನಾಳೆ ಪೊಲೀಸರನ್ನು ಕರೆತಂದು ಮಿಕ್ಕ ಮೂರು ಎಲ್ಲಿ ಎಂದು ಕೇಳಿದರೆ? ಕೆಲಸ, ಮನೆ ಹೋದದ್ದಲ್ಲದೆ ಜೈಲೂ ಆಯಿತು. ಅವನು ಹೆಗಲಿನ ಟವೆಲ್ ಕೈಗೆ ತೆಗೆದುಕೊಂಡ.

"ಒಡ್ಯಾ, ಸುಳ್ಳು ಬರೀಬೇಡಿ. ಗಿರಣಿ ಇಲ್ಲ. ಕಲ್ಲು ಹೊತ್ತವ್ರು ನಾವೇಯ. ಯುದ್ಧ ಮುಗ್ದು ಎಷ್ಟೋ ವರ್ಷ ಆಯ್ತು. ನಾ ಕೆಲಸ ಬಿಡ್ತೆ, ಈಗ್ಲೇ ಬರ್ಕೊಡ್ತೆ."

ಸಾಹೇಬರ ಪೆನ್ನು ಕೈಯಿಂದ ಜಾರಿತು. ಅವರು ಅತ್ತಿತ್ತ ನೋಡಿದರು, ಸುಕ್ರಿ ಲೋಟ ತೊಳೆಯಲು ಒಳಗೆ ಹೋಗಿದ್ದಳು, ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಸುಕ್ರನ ಎರಡೂ ಕೈ ಹಿಡಿದುಕೊಂಡರು.

"ಹಾಂಗೆ ಮಾತ್ರ ಮಾಡಬೇಡಿ ಗೌಡ್ರೆ," ಎಂದು ಅಂಗಲಾಚಿದರು. "ಮೂರು ಜನ ಗುಮಾಸ್ತರು, ಇಬ್ರು ಜವಾನರು, ಜೀಪಿಲ್ಲದ ಒಬ್ಬ ಡ್ರೈವರ್, ಮತ್ತೆ ನಾನು, ಉಳಿದವ್ರು, ಎಲ್ಲ ಸೇರಿ ಕಾರವಾರದ ನಮ್ಮ ಆಫೀಸಲ್ಲಿ ಹನ್ನೊಂದು ಜನ ಇದ್ದೇವೆ, ಯುದ್ಧದ ಕಾಲದಿಂದ ಆ ಆಫೀಸಿಗೆ ಇರೂದು ಒಂದೇ ಕೆಲಸ, ನೀವು ಸರಿಯಾಗಿ ಕಾಯ್ತಿದ್ರೋ ಇಲ್ವೋ ನೋಡೂದು."