ಹಗುರವಾದ ಗುಂಡು

ಎರಡು ಗುಂಡುಗಳ ನಡುವೆ ಕಿಡಿ ಹಾರಿಸಿ ಕರೆಂಟು ಹರಿಸುವ ಹೈವೋಲ್ಟೇಜ್ ಸ್ವಿಚ್ಚಿನೊಳಗಿಂದ ಬಿಚ್ಚಿದ ಲೋಹದ ಗುಂಡು ಅಂಗೈಗೆ ಬೀಳುತ್ತಲೇ ಎಂಜಿನಿಯರಮ್ಮನ ಕೈ ಗಕ್ಕನೆ ಮೇಲೆದ್ದಿತು. ಭಾರ ಹೊರಲು ಸಜ್ಜಾಗಿದ್ದ ಕೈ ಅದು. ಇರಬೇಕಾದಂತೆ ಟಂಗ್‌ಸ್ಟನ್ ಬೆರೆತ ತಾಮ್ರವಾಗಿದ್ದರೆ ಇದರ ಹೆಚ್ಚುಕಡಿಮೆ ಎರಡರಷ್ಟು ತೂಗಬೇಕಿತ್ತು. ಮಸಿ ಒರೆಸಿದಳು. ಬೂದು ಲೇಪ ಕಿತ್ತುಹೋದಲ್ಲೆಲ್ಲ ಹಿತ್ತಾಳೆ ಹಳದಿ ಹಲ್ಲು ಕಿರಿಯುತ್ತಿತ್ತು.

ಕಿಡಿ ಹಾರಿದಷ್ಟೂ ಸಲ ಹಿತ್ತಾಳೆ ಕರಗಿ ಮುಳ್ಳುಮುಳ್ಳಾಗಿತ್ತು. ನಿನ್ನೆ ಯಾರೂ ಬಟನ್ ಒತ್ತದೆಯೇ ಸ್ವಿಚ್ಚು ತಾನಾಗಿಯೇ ಕಿಡಿ ಹಾರಿಸಿದ್ದು ಆ ಮುಳ್ಳುಗಳ ಮೊನೆಯಿಂದಲೇ. "ನಾನು ಮುಟ್ಟಿಲ್ಲ ಕಣಮ್ಮ" ಎಂದು ಮೀಸೆ ಫೋರ್‌ಮನ್ ಗೋಗರೆದಿದ್ದರು. ಅವಳು ನಂಬಲಿಲ್ಲ, ಅವರದೇ ತಪ್ಪೆಂದು ರಿಪೋರ್ಟ್ ಬರೆದಳು. ಇವತ್ತು ಬೆಳಿಗ್ಗೆ ಅವರು ಟಿಫಿನ್ ಡಬ್ಬಿ ಎತ್ತಿಕೊಂಡು, ಅವಳತ್ತ ತಿರುಗಿಯೂ ನೋಡದೆ ಕೆಲಸ ಬಿಟ್ಟು ಹೋಗಿದ್ದರು.

ಗುಂಡನ್ನು ಲೇತ್ ಮೇಲೆ ಕಡೆದವನು ಅವಳ ತಮ್ಮ. "ನೀನ್ಯಾಕೆ ಕೈ ಮಸಿ ಮಾಡ್ಕೋತೀಯಾ ಅಕ್ಕಾ" ಎಂದು ತಾನೇ ಕೂರಿಸಿದವನೂ ಅವನೇ. ಅವಳು ಗುಂಡನ್ನು ಅವನ ಮುಂದಿಟ್ಟಳು.

"ಅಸಲಿ ಗುಂಡು ಕಡೆಯೋವಾಗ ಬಿರುಕು ಬಿಡ್ತು ಅಕ್ಕಾ. ಇನ್ನೊಂದು ಬರೋಕೆ ಎರಡು ತಿಂಗಳು ಅಂದ್ರು. ನೀನು ಬೈತೀಯಾ ಅಂತ... ಹಿತ್ತಾಳೆಗೆ ಬೂದು ಬಣ್ಣ ಬಳಿದು ಹಾಕಿದ್ರೆ ನಾಲ್ಕು ದಿನ ಹೇಗೋ ನಡೆಯುತ್ತೆ ಅಂದ್ಕೊಂಡೆ."

"ಅದು ಹಾಳಾಗಲಿ. ನಿನ್ನೆ ಫೋರ್‌ಮನ್‌ದೇ ತಪ್ಪು ಅಂತ ರಿಪೋರ್ಟ್ ಬರೆಯೋವಾಗ ನನ್ನ ಪೆನ್ನು ಕೈಕೊಡ್ತು. ಆಗ ನಂಗೆ ಪೆನ್ನು ಕೊಟ್ಟಿದ್ದು ಯಾರು?"

ತಮ್ಮನ ಕೈ ತಾನಾಗಿಯೇ ಮೇಲೆದ್ದು ಪೆನ್ನಿದ್ದ ಜೇಬನ್ನು ಮುಚ್ಚಿಕೊಂಡಿತು.