ಕೆಂಪು ಸುತ್ತುಗಳ ಕ್ಯಾಲೆಂಡರ್

ಅತ್ಯಂತ ಗಂಭೀರವಾದ ಒಂದು ವಿಷಯ... ಉಪ್ಪಿನಕಾಯಿ ಭರಣಿಯನ್ನು ಯಾರು ಮುಟ್ಟಬೇಕು?

ತುಂಗಮ್ಮನವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ.

ಮುಟ್ಟಾದವಳು ಕೈಯಿಟ್ಟರೆ ಉಪ್ಪಿನಕಾಯಿಗೆ ಬೂಷ್ಟು ಬರುತ್ತದೆಂದು ಅವರ ನಂಬಿಕೆ. ಅದಕ್ಕೇ ಸೊಸೆ ವಾರಿಜ "ಹೊರಗಾದ" ದಿನಗಳಿಗೆಲ್ಲ ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನ ಸುತ್ತು.

ವಾರಿಜಳಿಗೆ ಐವತ್ತೊಂದು. ಮುಟ್ಟು ನಿಂತು ಎರಡು ವರ್ಷವಾಗಿತ್ತು. ಪೆನ್ನೂ ಒಣಗಿತ್ತು...

ಶ್ರಾವಣದಲ್ಲಿ ಮತ್ತೆ ರಕ್ತ ಕಾಣಿಸಿತು.

"ಏನೇ, ಮತ್ತೆ ಹದಿನಾರು ತುಂಬ್ತಾ ನಿಂಗೆ?" ಎಂದ ತುಂಗಮ್ಮ ಹೊಸ ಪೆನ್ನು ತರಿಸಿದರು.

ಮೊದಲು ತಿಂಗಳಿಗೊಂದು ಸುತ್ತು... ಆಮೇಲೆ ವಾರಕ್ಕೆ ಮೂರು...

"ಅತ್ತೆ, ಸೊಂಟ ಸಿಡೀತಿದೆ. ಒಂದ್ಸಲ ಡಾಕ್ಟ್ರಿಗೆ ತೋರಿಸ್ಕೊಂಡು ಬರ್ಲಾ?"

"ಮುಟ್ಟಿನ ನೋವಿಗೆ ಡಾಕ್ಟ್ರಾ? ನಾವೇನು ಹೆಂಗಸರಲ್ವಾ? ಆ ಭರಣಿಯಿಂದ ದೂರ ನಿಂತು ಮಾತಾಡು."

ವಾರಿಜ ದೂರ ನಿಂತಳು. ಒಂಬತ್ತು ತಿಂಗಳು ನಿಂತಳು. ಕೊನೆಗೆ ಬಚ್ಚಲಲ್ಲಿ ಕುಸಿದು ಬಿದ್ದಳು.

ಆಸ್ಪತ್ರೆಯಲ್ಲಿ ಪರೀಕ್ಷೆ, ಸ್ಕ್ಯಾನ್ ಎಲ್ಲ ಮುಗಿಯಿತು. "ರಕ್ತ ಹೋಗೋಕೆ ಶುರುವಾಗಿದ್ದು ಯಾವಾಗ?" ಎಂದು ಡಾಕ್ಟರಮ್ಮ ಕೇಳಿದರು.

ತುಂಗಮ್ಮ ಮನೆಯಿಂದ ಕಂಕುಳಲ್ಲಿಟ್ಟು ತಂದಿದ್ದ ಕಳೆದ ವರ್ಷದ, ಈ ವರ್ಷದ ಕ್ಯಾಲೆಂಡರ್‌ಗಳನ್ನು ಮೇಜಿನ ಮೇಲೆ ಹರಡಿದರು. ಒಂದು ದಿನವೂ ತಪ್ಪಿರಲಿಲ್ಲ.

"ಇಷ್ಟು ಚೆನ್ನಾಗಿ ಬರೆದಿಟ್ಟವರನ್ನ ನಾನು ನೋಡೇ ಇಲ್ಲಮ್ಮ..."

ತುಂಗಮ್ಮ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡರು.

ಡಾಕ್ಟರಮ್ಮನ ಬೆರಳು ಮೊದಲ ಸುತ್ತಿನ ಮೇಲೆ ನಿಂತಿತು.

"ಇದು ಮುಟ್ಟಲ್ಲ. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕಾಯಿಲೆ ಅಲ್ಲೇ ಇದ್ದಾಗ ಬಂದ್ರೆ ಹೆಚ್ಚಿನವರು ವಾಸಿಯಾಗ್ತಾರೆ. ಈಗ ಅಂಡಾಶಯಕ್ಕೆ, ಹೊಟ್ಟೆಗೆಲ್ಲ ಹಬ್ಬಿದೆ... ನೋವು ಕಮ್ಮಿ ಮಾಡಬಹುದು, ಒಂದಷ್ಟು ದಿನ ಕೂಡಿಸಬಹುದು. ಈ ಮೊದಲ ಸುತ್ತು ಹಾಕಿದ ದಿನಾನೇ ಯಾಕೆ ಕರ್ಕೊಂಡು ಬರ್ಲಿಲ್ಲ?"

"ಅವತ್ತು... ವರಮಹಾಲಕ್ಷ್ಮಿ ಹಬ್ಬ ಡಾಕ್ಟ್ರೇ. ಇವಳನ್ನ ಹಿತ್ತಿಲಲ್ಲಿ ಕೂರಿಸಿದ್ವಿ."

ತಮ್ಮ ಮಾತು ತಮ್ಮ ಕಿವಿಗೇ ಬಿದ್ದಾಗ ತುಂಗಮ್ಮನ ಕಣ್ಣು ತುಂಬಿತು. ಮೊದಲ ಬಾರಿಗೆ, ಅದೂ ಸುತ್ತು ಹಾಕುವ ದಿನವೇ, ಅವರು ಪಕ್ಕದಲ್ಲಿ ಕೂತಿದ್ದ ಸೊಸೆಯ ಕೈ ಹಿಡಿದುಕೊಂಡರು.

ವಾರಿಜ ಮೆಲ್ಲಗೆ ಕೈ ಬಿಡಿಸಿಕೊಂಡಳು.

"ಮುಟ್ಬೇಡಿ ಅತ್ತೆ... ಮನೆಗೆ ಹೋಗಿ ನೀವು ಭರಣಿ ಮುಟ್ಬೇಕಲ್ಲ."

*

ಮುಟ್ಟು ನಿಂತ ಮೇಲೆ ಕಂಡ ರಕ್ತ ಮೈಲಿಗೆಯಲ್ಲ, ಎಚ್ಚರಿಕೆಯ ಕರೆ.

ನಿಮ್ಮ ಮನೆಯಲ್ಲಿ ದೂರ ಕೂತವಳನ್ನು "ಹೇಗಿದ್ದೀಯಮ್ಮ" ಎಂದು ಕೊನೆಯ ಸಲ ಕೇಳಿದ್ದು ಯಾವಾಗ...?

ಆ ವರ್ಷ ಉಪ್ಪಿನಕಾಯಿ ಕೆಡಲಿಲ್ಲ. ವಾರಿಜ ದಸರೆಗೆ ಮುಂಚೆ ತೀರಿಕೊಂಡಳು.