ದೋಣಿಯವನು ಅಣ್ಣನನ್ನು ಬಿಟ್ಟು ಹೋದದ್ದು ಯಾಕೆ?

ಎರಡನೆಯ ಪುಟದ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಆಲ್ಡೆನ್ ಕ್ರಾಸ್ಬಿಯ ಕೆಂಪು ಪೆನ್ನು ನಿಂತಿತು. ಮುಂದಿನ ಸಾಲು ಏನೆಂದು ಓದದೆಯೇ ಅವನಿಗೆ ಗೊತ್ತಿತ್ತು.

ಕಣ್ಣು ಮುಚ್ಚಿ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡ. ಕಣ್ಣು ತೆರೆದು ನೋಡಿದ. ಒಂದಕ್ಷರವೂ ಆಚೀಚೆ ಆಗಿರಲಿಲ್ಲ: ‘ನಮ್ಮ ತಪ್ಪನ್ನು ಕಂಡವರನ್ನು ನಾವು ದ್ವೇಷಿಸುವುದಿಲ್ಲ; ದಡದಲ್ಲಿ ಬಿಟ್ಟು ಬರುತ್ತೇವೆ.’

ಹನ್ನೊಂದನೆಯ ತರಗತಿಗೆ ಅವನು ಕೊಟ್ಟಿದ್ದ ಕಥೆ ಚಿಕ್ಕದು. ಸರೋವರದಲ್ಲಿ ದೋಣಿ ನಡೆಸುವವನೊಬ್ಬ, ನೀರು ಹೆಪ್ಪುಗಟ್ಟುವ ಮುನ್ನಾದಿನ, ಕೈಬೀಸಿ ಕರೆಯುತ್ತಿದ್ದ ಅಣ್ಣನನ್ನು ಹತ್ತಿಸಿಕೊಳ್ಳದೆ ಹೊರಟುಬಿಡುತ್ತಾನೆ. ಯಾಕೆ? ಅವನೊಳಗಿನ ಜಗಳವೇನು? ಎರಡೂವರೆ ಪುಟ ಬರೆಯಿರಿ ಎಂದಿದ್ದ. ಉಳಿದ ಮಕ್ಕಳೆಲ್ಲ ಹೊಟ್ಟೆಕಿಚ್ಚು ಎಂದು ಬರೆದಿದ್ದರು, ಇಲ್ಲವೇ ಆಸ್ತಿ. ಡೆಲಿಯಾ ಮಿಶೋ ಮಾತ್ರ ಬೇರೆಯೇ ಬರೆದಿದ್ದಳು. ದೋಣಿಯವನು ಹಿಂದೆಂದೋ ಹೇಡಿಯಂತೆ ನಡೆದುಕೊಂಡಿದ್ದ. ಅದನ್ನು ಕಂಡವನು ಅಣ್ಣನೊಬ್ಬನೇ.

ಬರೆದಿದ್ದಳೋ, ಕದ್ದಿದ್ದಳೋ.

ಇದೇ ಕಥೆಯ ಮೇಲಿನ ಇದೇ ಪ್ರಬಂಧ ಮೂವತ್ತನಾಲ್ಕು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿತ್ತು. ಕೆಳಗಿದ್ದ ಹೆಸರು ಆಲ್ಡೆನ್ ಕ್ರಾಸ್ಬಿ. ಅದರ ದೆಸೆಯಿಂದಲೇ ಉಳಿದ ಮೂರು ವರ್ಷದ ವಿದ್ಯಾರ್ಥಿವೇತನ ಸಿಕ್ಕಿತ್ತು. ಸಿಗದಿದ್ದರೆ ಅವನೂ ಅಪ್ಪನ ಹಾಗೆ ಅಮೆರಿಕದ ಮೇನ್ ರಾಜ್ಯದ ಈ ಊರಿನ ಕಾಗದದ ಗಿರಣಿಯಲ್ಲಿ, ತಿರುಳು ಬೇಯಿಸುವ ಕೊಪ್ಪರಿಗೆಯ ಪಕ್ಕ ನಿಂತೇ ಮುದುಕನಾಗುತ್ತಿದ್ದ.

ಮನೆಗೆ ಹೋದವನೇ ಮೇಜಿನ ಡ್ರಾಯರ್ ನೋಡಿದ. ಬೀಗ ಹಾಗೇ ಇತ್ತು. ಒಳಗೆ ಸಂಚಿಕೆಯೂ ಇತ್ತು. ಕಾಲೇಜಿನ ಗ್ರಂಥಾಲಯಕ್ಕೆ ಫೋನ್ ಮಾಡಿದ. ಆ ವರ್ಷದ ಸಂಪುಟವನ್ನು ಯಾರೂ ಕೇಳಿಲ್ಲ, ಕಂಪ್ಯೂಟರಿಗೆ ಏರಿಸಿಯೂ ಇಲ್ಲ ಎಂದರು. ತರಗತಿಯಲ್ಲಿ ಆ ಒಂದು ಸಾಲನ್ನು ಅವನು ಆಗಾಗ ಹೇಳುವುದುಂಟು. ಅದೊಂದೇ. ಉಳಿದದ್ದನ್ನು ಯಾರ ಮುಂದೆಯೂ ಬಿಚ್ಚಿದವನಲ್ಲ. ಹಾಗಾದರೆ ಹುಡುಗಿಗೆ ಸಿಕ್ಕಿದ್ದೆಲ್ಲಿ?

ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಓದಿದ. ಹುಡುಗಿಯದರಲ್ಲಿ ಕೊನೆಗೆ ಒಂದು ಪ್ಯಾರಾ ಹೆಚ್ಚಿತ್ತು. ದಡದಲ್ಲಿ ಉಳಿದ ಅಣ್ಣ ಅನಂತರದ ದಿನಗಳನ್ನು ಹೇಗೆ ಕಳೆದಿರಬಹುದು ಎಂಬುದರ ಬಗ್ಗೆ. ಉಳಿದದ್ದೆಲ್ಲಕ್ಕಿಂತ ಅದೇ ಚೆನ್ನಾಗಿತ್ತು. ಕದ್ದದ್ದು ಸಾಲದೆಂದು ಸೇರಿಸಿ ಬೇರೆ ಬರೆದಿದ್ದಾಳೆ.

ಮರುದಿನ ಊಟದ ಬಿಡುವಿನಲ್ಲಿ ಡೆಲಿಯಾಳನ್ನು ತರಗತಿಯಲ್ಲೇ ನಿಲ್ಲಿಸಿಕೊಂಡ. ಹಿಂದಿನ ಸಾಲಿನ ಹುಡುಗಿ. ಮಾತು ಕಡಿಮೆ. ಕಾಲಲ್ಲಿದ್ದ ಬೂಟು ಯಾರೋ ತೊಟ್ಟು ಬಿಟ್ಟದ್ದು.

“ಇದು ಯಾರ ಬರಹ ಅಂತ ನನಗೆ ಗೊತ್ತಮ್ಮ,” ಎಂದ.

“ನನಗೂ ಗೊತ್ತು ಸರ್.”

“ಕದ್ದಿದ್ದು ಅಂತ ಒಪ್ಕೋತೀಯಾ?”

“ಕದ್ದಿದ್ದೇ ಸರ್.” ಅವಳು ತಲೆ ತಗ್ಗಿಸಲಿಲ್ಲ.

“ಎಷ್ಟು ಸಲೀಸಾಗಿ ಹೇಳ್ತೀಯ. ಮನೇಲಿ ಗೊತ್ತಾದ್ರೆ?”

“ಅಮ್ಮ ನಿಮ್ಮನ್ನ ನೋಡ್ಬೇಕು ಅಂತಿದಾರೆ ಸರ್. ಪ್ರಿನ್ಸಿಪಾಲರೂ ಇದ್ರೆ ಒಳ್ಳೇದಂತೆ.”

ಆಲ್ಡೆನ್ ಅವಳ ಕಡತ ತೆಗೆಸಿ ನೋಡಿದ. ತಂದೆ ಇಲ್ಲ. ತಾಯಿಗೆ ವೃದ್ಧಾಶ್ರಮವೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಒಂದು ವರ್ಷ ಕಾಲೇಜು ಓದಿ ಬಿಟ್ಟವಳು. ಅಷ್ಟು ಸಾಕಾಯಿತು. ಪಾತ್ರಗಳ ಒಳಗನ್ನು ಬಿಡಿಸುವುದೇ ಅವನ ಕಸುಬಲ್ಲವೇ? ತನಗೆ ದಕ್ಕದ್ದನ್ನು ಹೇಗಾದರೂ ಮಗಳಿಗೆ ದಕ್ಕಿಸಬೇಕೆಂಬ ಹಟ ತಾಯಿಯದು. ತಾಯಿಯ ಮಾತು ಮೀರಲಾರದ, ಒಳಗೊಳಗೇ ಹೇಸಿಕೊಳ್ಳುವ ಸಂಕಟ ಮಗಳದು. ಅದಕ್ಕೇ ಅಷ್ಟು ಬೇಗ ಒಪ್ಪಿಕೊಂಡಳು. ಎಲ್ಲ ಸರಿಹೊಂದಿತು. ಒಂದು ಮಾತ್ರ ಮುಳ್ಳಿನಂತೆ ಉಳಿಯಿತು. ಕಳ್ಳರು ಯಾರಾದರೂ ಸಾಕ್ಷಿ ಬೇಕೆಂದು ಕೇಳುತ್ತಾರೆಯೇ?

ಪ್ರಿನ್ಸಿಪಾಲ್ ವರ್ನಾ ನಾಡೋ ಮೊದಲು ರಾಜಿಯ ಮಾತಾಡಿದರು. ಸೊನ್ನೆ ಕೊಟ್ಟು ಬಿಟ್ಟುಬಿಡಿ, ಮುಂದಿನ ವರ್ಷ ಆ ಮಗು ಕಾಲೇಜಿಗೆ ಅರ್ಜಿ ಹಾಕಬೇಕು, ಕಳ್ಳತನ ಎಂದು ದಾಖಲಾದರೆ ಯಾವ ಬಾಗಿಲೂ ತೆರೆಯುವುದಿಲ್ಲ ಎಂದರು. ಆಲ್ಡೆನ್ ಒಪ್ಪಲಿಲ್ಲ. ದಾಖಲಾಗಲೇಬೇಕು ಎಂದ. ಇನ್ನೊಬ್ಬರ ದುಡಿಮೆಯ ಮೇಲೆ ಹತ್ತಿ ನಿಂತವರು ಯಾವತ್ತೂ ನೆಟ್ಟಗೆ ನಿಲ್ಲಲಾರರು ಎಂದೂ ಹೇಳಿದ. ಅವನ ದನಿ ಅವನಿಗೇ ದೊಡ್ಡದಾಗಿ ಕೇಳಿಸಿತು. ಹಾಗಾದರೆ ಆಧಾರ ತನ್ನಿ ಎಂದರು ವರ್ನಾ.

ಗುರುವಾರ ಮೂರು ಗಂಟೆಗೆ ಆಧಾರ ಮೇಜಿನ ಮೇಲಿತ್ತು. ಹಳದಿಗಟ್ಟಿದ ಸಂಚಿಕೆ, ಪಕ್ಕದಲ್ಲಿ ಡೆಲಿಯಾಳ ಹಾಳೆಗಳು. ವರ್ನಾ ಎರಡನ್ನೂ ಹೋಲಿಸಿ ನೋಡಿ ನಿಟ್ಟುಸಿರು ಬಿಟ್ಟರು.

ತಾಯಿ ಕೆಲಸದ ನೀಲಿ ಅಂಗಿಯಲ್ಲೇ ಬಂದಳು. ಬಿಸಿನೀರಿನಲ್ಲಿ ನೆನೆನೆನೆದು ಕೆಂಪಾದ ಕೈಗಳು. ಎಲ್ಲೋ ಕಂಡ ಮುಖ ಅನ್ನಿಸಿತು ಆಲ್ಡೆನ್‌ಗೆ, ಅಂಗಡಿಯಲ್ಲಿರಬೇಕು. ಆಕೆ ಕೂತಳು. ಸಂಚಿಕೆಯಲ್ಲಿ ಪ್ರಬಂಧದ ಕೆಳಗಿದ್ದ ಹೆಸರನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. ಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಅದರ ಪಕ್ಕ ಇಟ್ಟಳು. ಪುಟದ ತುಂಬ ಪೆನ್ಸಿಲ್ ಬರಹ. ಹೊಡೆದು ಹಾಕಿದ ಸಾಲುಗಳು, ಅವುಗಳ ಮೇಲೆ ಬೇರೆ ಸಾಲುಗಳು.

ಮಗಳಿಗೆ ಈ ಪ್ರಬಂಧ ಎಲ್ಲಿ ಸಿಕ್ಕಿತು ಎಂದು ವರ್ನಾ ಮೆಲ್ಲಗೆ ಕೇಳಿದರು.

“ನಾನೇ ಕೊಟ್ಟೆ. ಹೀಗೇ ನಕಲು ಮಾಡು ಅಂದೋಳೂ ನಾನೇ. ಅವಳದೇನೂ ತಪ್ಪಿಲ್ಲ.”

ಆಲ್ಡೆನ್ ಮುಂದಕ್ಕೆ ಬಾಗಿದ. “ನಿಮಗೆಲ್ಲಿ ಸಿಕ್ತು ಇದು?”

ಆಕೆ ಮೊದಲ ಸಲ ಅವನತ್ತ ತಿರುಗಿದಳು.

“ಟೈಪ್ ಮಾಡ್ಕೊಡ್ತೀನಿ ಅಂತ ನನ್ನ ಹತ್ರ ಇಸ್ಕೊಂಡು ಹೋಗಿ, ಬಸ್ಸಲ್ಲಿ ಕಳೆದುಹೋಯ್ತು ಅಂದಿದ್ಯಲ್ಲ ಆಲ್ಡೆನ್,” ಎಂದಳು, “ಅದರ ಕರಡು ಇದು.”